ಇಂಕ್‌ಸ್ಕೇಪ್‌ನಲ್ಲಿ ಬರೆದ ಕನ್ನಡ ಅಕ್ಷರಗಳನ್ನು ಬ್ಲೆಂಡರ್‌ಗೆ ತರುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಯ ಬಾಗಿಲಿಗೆ ‘ಅನ್ನಪೂರ್ಣ’ ಎಂಬ ಹೆಸರನ್ನು 200 ಮಿ.ಮೀ. ಅಗಲ ಮತ್ತು 5 ಮಿ.ಮೀ. ದಪ್ಪದ ಅಕ್ಷರಗಳಲ್ಲಿ ತ್ರೀಡಿ ಪ್ರಿಂಟ್ ಮಾಡಿಸಬೇಕೆಂದಿದ್ದೇನೆ. ತ್ರೀಡಿ ಮಾದರಿಗಳನ್ನು ರೂಪಿಸುವ ತಂತ್ರಾಂಶವಾದ ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್‌ನಲ್ಲಿ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುವುದರಿಂದ, ರೇಖಾಚಿತ್ರ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ‘ಬಾಲೂ ತಮ್ಮ’ ಎಂಬ ಫಾಂಟ್ ಬಳಸಿ ಬರೆದು, ಎಸ್‌ವಿಜಿ (ರೇಖಾಚಿತ್ರ) ಕಡತವಾಗಿ ಉಳಿಸಿ, ಬ್ಲೆಂಡರ್‌ನಲ್ಲಿ ಇಂಪೋರ್ಟ್ ಮಾಡಿದೆ. ಮೊದಲು ಏನೂ ಬರಲಿಲ್ಲ. ಪಠ್ಯವನ್ನು ಪಾತ್ (ಅಕ್ಷರದ ಆಕಾರದ ರೇಖೆ) ಆಗಿ ಬದಲಿಸಿದ ಮೇಲೆ ಬಹಳ ಚಿಕ್ಕದಾಗಿ, ಒಳಗೆ ತುಂಬಿಕೊಳ್ಳದ ಬರಿಯ ಗೆರೆಗಳಾಗಿ ಬಂದವು. ಇದನ್ನು ಸರಿಪಡಿಸುವುದು ಹೇಗೆಂದು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1:
ನೀವು ಹಿಡಿದಿರುವ ದಾರಿ ಸರಿಯಾಗಿಯೇ ಇದೆ. ಅಕ್ಷರಗಳನ್ನು ಜೋಡಿಸುವ ಕೆಲಸವನ್ನು ಇಂಕ್‌ಸ್ಕೇಪ್ ಸರಿಯಾಗಿ ಮಾಡುತ್ತದೆ, ಆ ಜೋಡಣೆಯನ್ನು ವಕ್ರರೇಖೆಗಳಾಗಿ ಗಟ್ಟಿಮಾಡಿ ಕಳುಹಿಸಿದರೆ ಬ್ಲೆಂಡರ್‌ಗೆ ಲಿಪಿಯ ಗೊಡವೆಯೇ ಇರುವುದಿಲ್ಲ.

ಗೆರೆ ಮಾತ್ರ ಬಂದಿರುವುದಕ್ಕೆ ಕಾರಣ, ಬಹುಶಃ ನಿಮ್ಮ ಅಕ್ಷರಗಳಿಗೆ ಫಿಲ್ (ಒಳಗೆ ತುಂಬುವ) ಬಣ್ಣವಿಲ್ಲದೆ ಸ್ಟ್ರೋಕ್ (ಅಂಚಿನ ಗೆರೆ) ಮಾತ್ರ ಇದ್ದದ್ದು. ಫಿಲ್ ಇಲ್ಲದ ಪಾತ್ ಅನ್ನು ಬ್ಲೆಂಡರ್ ತ್ರೀಡಿ ಕರ್ವ್ (ವಕ್ರರೇಖೆ) ಎಂದು ತೆಗೆದುಕೊಳ್ಳುತ್ತದೆ, ಸ್ಟ್ರೋಕ್‌ನ ದಪ್ಪವನ್ನಂತೂ ಗಣಿಸುವುದೇ ಇಲ್ಲ. ಈಗಾಗಲೇ ತಂದಿರುವ ಕರ್ವ್‌ಗಳನ್ನು ಆಬ್ಜೆಕ್ಟ್ ಡೇಟಾದ ಶೇಪ್ ವಿಭಾಗದಲ್ಲಿ ಟೂಡಿ ಎಂದು ಬದಲಿಸಿ, ಫಿಲ್ ಮೋಡ್ ಅನ್ನು ಬೋತ್ ಎಂದು ಇಟ್ಟರೆ ಒಳಭಾಗ ತುಂಬಿಕೊಳ್ಳುತ್ತದೆ.

ಆದರೂ ಇಂಕ್‌ಸ್ಕೇಪ್‌ಗೆ ಹಿಂದಿರುಗಿ ಮತ್ತೊಮ್ಮೆ ಶುದ್ಧವಾಗಿ ಮಾಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಬ್ಜೆಕ್ಟ್ ಟು ಪಾತ್ ಕೊಟ್ಟ ನಂತರ ಗುಂಪನ್ನು ಬಿಡಿಸಿ, ಎಲ್ಲ ಅಕ್ಷರಗಳನ್ನೂ ಆಯ್ದು, ಪಾತ್ ಮೆನುವಿನಲ್ಲಿರುವ ಯೂನಿಯನ್ (ಆಕಾರಗಳನ್ನು ಒಂದಾಗಿಸುವ ಆಜ್ಞೆ) ಕೊಡಿ. ಮೂಲಾಕ್ಷರಕ್ಕೆ ಒತ್ತು ತಾಗುವ ಕಡೆ ಎರಡು ಗೆರೆಗಳು ಒಂದರ ಮೇಲೊಂದು ಹಾದಿದ್ದರೆ ಅಲ್ಲಿ ಫಿಲ್ ಕೆಡುತ್ತದೆ, ಯೂನಿಯನ್ ಆದ ಮೇಲೆ ಆ ಒಳಗೆರೆಗಳು ಉಳಿಯುವುದಿಲ್ಲ. ಅಕ್ಷರದೊಳಗಿನ ರಂಧ್ರಗಳು ಹೊರರೇಖೆಯ ಜೊತೆ ಒಂದೇ ಪಾತ್‌ನಲ್ಲಿ ಇರಬೇಕು. ಅವು ಬೇರೆ ಬೇರೆ ವಸ್ತುಗಳಾಗಿ ಬಂದರೆ ರಂಧ್ರವೂ ತುಂಬಿಹೋಗುತ್ತದೆ.

ಉತ್ತರ 2:
ಗಾತ್ರದ ಬಗ್ಗೆ ಒಂದು ಮಾತು. ಚಿಕ್ಕದಾಗಿ ಬಂದಿರುವುದು ದೋಷವಲ್ಲ. ಬ್ಲೆಂಡರ್‌ನ ಮೂಲ ಅಳತೆ ಮೀಟರ್ ಆದ್ದರಿಂದ 200 ಮಿ.ಮೀ. ಅಗಲದ ಬರಹ ಅಲ್ಲಿ 0.2 ಮೀಟರ್ ಆಗುತ್ತದೆ, ತೆರೆದ ಕೂಡಲೇ ಕಾಣುವ ಘನವಾದರೋ 2 ಮೀಟರ್ ಅಗಲದ್ದು. ಬರಹವನ್ನು ಹಿಗ್ಗಿಸಲು ಹೋಗಬೇಡಿ, ಏಕೆಂದರೆ ಹಿಗ್ಗಿಸಿದ ಸ್ಕೇಲ್ ಅನ್ನು ಅಪ್ಲೈ ಮಾಡದಿದ್ದರೆ (ಖಾಯಂಗೊಳಿಸದಿದ್ದರೆ) ಮುಂದೆ ನೀವು ಕೊಡುವ ಎಕ್ಸ್‌ಟ್ರೂಡ್ (ದಪ್ಪ ಬೆಳೆಸುವ) ಅಳತೆಯೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಸೀನ್ ವಿಭಾಗದಲ್ಲಿ ಅಳತೆಯನ್ನು ಮಿಲಿಮೀಟರ್‌ಗೆ ಬದಲಿಸಿ, ಅಗಲವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಇಂಕ್‌ಸ್ಕೇಪ್ 0.92ನೆಯ ಆವೃತ್ತಿಯಲ್ಲಿ ಒಂದು ಇಂಚಿಗೆ 90 ಪಿಕ್ಸೆಲ್ ಎಂಬ ಲೆಕ್ಕ 96ಕ್ಕೆ ಬದಲಾದ್ದರಿಂದ, ಹಳೆಯ ಕಡತಗಳಲ್ಲಿ ಅಳತೆ ಸ್ವಲ್ಪ ವ್ಯತ್ಯಾಸವಾಗುವುದುಂಟು.

ಎಕ್ಸ್‌ಟ್ರೂಡ್ ಎರಡೂ ಬದಿಗೆ ಬೆಳೆಯುತ್ತದೆ. 5 ಮಿ.ಮೀ. ದಪ್ಪ ಬೇಕಿದ್ದರೆ 2.5 ಮಿ.ಮೀ. ಎಂದು ಕೊಡಿ.

ಉತ್ತರ 3:
ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಪದ್ಧತಿಯ) ಫಾಂಟ್‌ಗಳಲ್ಲಿ ಒತ್ತುಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ ಅವನ್ನು ನೇರವಾಗಿ ಬ್ಲೆಂಡರ್‌ನಲ್ಲೇ ಬಳಸಬಹುದು. ಆದರೆ ಯೂನಿಕೋಡ್ ಫಾಂಟ್‌ಗಳ ಚೆಲುವು ಬೇಕಿದ್ದವರಿಗೆ ಇಂಕ್‌ಸ್ಕೇಪ್ ದಾರಿಯೇ ಸರಿ.

ಪ್ರಶ್ನೆ ಕೇಳಿದವರು:
ತಮ್ಮೆಲ್ಲರಿಗೂ ಧನ್ಯವಾದಗಳು. ಫಿಲ್ ಬಣ್ಣ ಕೊಟ್ಟು ಯೂನಿಯನ್ ಮಾಡಿದ ಮೇಲೆ ಅಕ್ಷರಗಳು ಗಟ್ಟಿಯಾಗಿ ಬಂದವು. ಆದರೆ ‘ನ್ನ’ದ ಒತ್ತು ಮೂಲಾಕ್ಷರಕ್ಕೆ ತಾಗದೆ ಕೆಳಗೆ ಬೇರೆಯಾಗಿಯೇ ಉಳಿದಿದೆ. ಪ್ರಿಂಟ್ ಆದಾಗ ಅದು ಕಳಚಿಬೀಳುವುದಿಲ್ಲವೇ?

ಉತ್ತರ 1 ಬರೆದವರು:
ಖಂಡಿತ ಕಳಚುತ್ತದೆ. ಒತ್ತನ್ನು ಬಲವಂತವಾಗಿ ಮೇಲೆ ಸರಿಸಿದರೆ ಅಕ್ಷರದ ಅಂದ ಕೆಡುತ್ತದೆ, ಆದ್ದರಿಂದ ಹಿಂದೆ ಸುಮಾರು 2 ಮಿ.ಮೀ. ದಪ್ಪದ ತಳಹಲಗೆಯೊಂದನ್ನು ಕೊಟ್ಟು ಅಕ್ಷರಗಳು ಅದರೊಳಗೆ ಸ್ವಲ್ಪ ಇಳಿದಿರುವಂತೆ ಇಡಿ. ನಂತರ ಕರ್ವ್‌ಗಳನ್ನು ಮೆಶ್ (ಜಾಲರೂಪದ ಮಾದರಿ) ಆಗಿ ಬದಲಿಸಿ ಎಸ್‌ಟಿಎಲ್ (ತ್ರೀಡಿ ಪ್ರಿಂಟ್‌ಗೆ ಕಳುಹಿಸುವ) ಕಡತ ಮಾಡುವಾಗ ಸ್ಕೇಲ್ 1000 ಎಂದು ಕೊಡಬೇಕು. ಆ ಕಡತದಲ್ಲಿ ಅಳತೆಯ ಮಾನ ದಾಖಲಾಗುವುದಿಲ್ಲ, ಮಾದರಿಯನ್ನು ಪ್ರಿಂಟರ್‌ಗೆ ಸಿದ್ಧಪಡಿಸುವ ಸ್ಲೈಸರ್ ತಂತ್ರಾಂಶಗಳು ಸಾಮಾನ್ಯವಾಗಿ ಅದರಲ್ಲಿನ ಅಂಕಿಯನ್ನು ಮಿಲಿಮೀಟರ್ ಎಂದೇ ಓದುತ್ತವೆ.