ಸಹಾಯ ಬೇಕು: ಒಂದಕ್ಕಿಂತ ಜಾಸ್ತಿ ಸೈ-ಫೈ ಸರಣಿಯಲ್ಲಿ ನಟಿಸಿದವರು

ಎಲ್ಲರಿಗೂ ನಮಸ್ಕಾರ. ಶನಿವಾರ ಅಕ್ಕನ ಮಕ್ಕಳಿಗೆ ಮನೆಯಲ್ಲೇ ಒಂದು ಕ್ವಿಜ್ ಇಟ್ಟಿದ್ದೇನೆ. ಅದರಲ್ಲಿ ಒಂದು ಸುತ್ತು ಪೂರ್ತಿ ಸೈ-ಫೈ. ಎರಡು ಮೂರು ಸರಣಿಗಳಲ್ಲಿ ಬಂದು ಹೋದ ನಟರನ್ನು ಗುರುತಿಸಬೇಕು. ಹತ್ತು ಪ್ರಶ್ನೆ ಬೇಕು, ಅರ್ಧವೂ ಆಗಿಲ್ಲ.

ಝೋಯಿ ಸಲ್ಡಾನಾ ಬೇಡ. 2009ರಲ್ಲೇ 'ಸ್ಟಾರ್ ಟ್ರೆಕ್'ನ ಉಹುರಾ, ಅದೇ ವರ್ಷ 'ಅವತಾರ್'ನ ನೇಯ್ತಿರಿ, 2014ರಲ್ಲಿ 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ'ಯ ಹಸಿರು ಮೈಯ ಗಮೋರಾ. ಈ ಹುಡುಗರು ನಿದ್ದೆಗಣ್ಣಲ್ಲೂ ಹೇಳಿಬಿಡುತ್ತಾರೆ.

ನನಗೆ ಇಷ್ಟವಾದದ್ದು ಬಿಲ್ ಪ್ಯಾಕ್ಸ್ಟನ್. 1984ರ 'ಟರ್ಮಿನೇಟರ್'ನಲ್ಲಿ ಬೀದಿ ಪುಂಡ, 1986ರ 'ಏಲಿಯನ್ಸ್'ನಲ್ಲಿ ಬಾಯಿಬಡುಕ ಸೈನಿಕ ಹಡ್ಸನ್, 1990ರ 'ಪ್ರಿಡೇಟರ್ 2'ರಲ್ಲಿ ಪೊಲೀಸ್. ಮೂರರಲ್ಲೂ ಏಟು ತಿನ್ನುವುದೇ ಕೆಲಸ, ಪಾಪ! ಲ್ಯಾನ್ಸ್ ಹೆನ್ರಿಕ್ಸನ್ ಕೂಡ ಈ ಮೂರೂ ಲೋಕ ಸುತ್ತಿದವರೇ. 'ಏಲಿಯನ್ಸ್'ನಲ್ಲಿ ಯಂತ್ರಮಾನವ ಬಿಷಪ್ ಆಗಿದ್ದವರು, 2004ರ 'ಏಲಿಯನ್ ವರ್ಸಸ್ ಪ್ರಿಡೇಟರ್'ನಲ್ಲಿ ಮನುಷ್ಯನಾಗಿಯೇ ಬಂದರು.

ಇಂಥ ಸ್ವಲ್ಪ ಕಷ್ಟದ ಹೆಸರುಗಳು ಬೇಕು. ಟೀವಿ ಧಾರಾವಾಹಿಯಾದರೂ ಆಗುತ್ತದೆ. ಹಳೆಯ 'ಸ್ಟಾರ್ ಟ್ರೆಕ್'ನ ಚೆಕೋವ್, ಅಂದರೆ ವಾಲ್ಟರ್ ಕೋನಿಗ್, 'ಬ್ಯಾಬಿಲಾನ್ 5'ರಲ್ಲಿ ಖಳ ಬೆಸ್ಟರ್ ಆದರಲ್ಲ, ಹಾಗೆ. ಮೇಕಪ್ ಒಳಗೆ ಗುರುತೇ ಸಿಗದವರಿದ್ದರೆ ಇನ್ನೂ ಮಜಾ. ಹೊಸ 'ಸ್ಟಾರ್ ಟ್ರೆಕ್'ನ ಸ್ಕಾಟಿ ಪಾತ್ರದ ಸೈಮನ್ ಪೆಗ್ 2015ರ 'ಸ್ಟಾರ್ ವಾರ್ಸ್'ನಲ್ಲಿ ದಪ್ಪ ಮೂತಿಯ ಗುಜರಿ ವ್ಯಾಪಾರಿ ಅಂತ ನನಗೂ ಆಮೇಲೆಯೇ ತಿಳಿದದ್ದು.

ಇನ್ನೊಂದು ಜಗಳ ಬಗೆಹರಿಸಿ. 1984ರ 'ಡ್ಯೂನ್', ಆಮೇಲೆ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಪಿಕಾರ್ಡ್, ಆಮೇಲೆ 'ಎಕ್ಸ್-ಮೆನ್'. ಪ್ಯಾಟ್ರಿಕ್ ಸ್ಟುವರ್ಟ್‌ಗೆ ಮೂರು ಅಂತ ನಾನು. ಸೂಪರ್‌ಹೀರೋ ಚಿತ್ರ ಲೆಕ್ಕಕ್ಕಿಲ್ಲ, ಎರಡೇ ಅಂತ ಭಾವ. ನೀವೇನಂತೀರಿ?

ಹೆಸರಿನ ಜೊತೆ ಪಾತ್ರ, ವರ್ಷವನ್ನೂ ಬರೆಯಿರಿ. ಶುಕ್ರವಾರ ರಾತ್ರಿಯೊಳಗೆ ಸಿಕ್ಕರೆ ಸಾಕು.