ಕಾಲೇಜು ಮೇಷ್ಟ್ರುಗಳಿಗೆ ಆನ್‌ಲೈನ್ ಪಾಠದ ನೆರವು: ನಿಮ್ಮಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಏನು?

ಪ್ರಶ್ನೆ (ಇತಿಹಾಸ ಅಧ್ಯಾಪಕ, ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು)

ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್‌ನಿಂದ ಪ್ರಿನ್ಸಿಪಾಲರು ನನಗೊಂದು ಕೆಲಸ ವಹಿಸಿದ್ದಾರೆ. ಕಾಲೇಜಿನ ಅಧ್ಯಾಪಕರಿಗೆ ಆನ್‌ಲೈನ್ ಪಾಠದಲ್ಲಿ ನೆರವಾಗಬೇಕು, ಆಗಾಗ ತರಬೇತಿಯನ್ನೂ ನಡೆಸಬೇಕು. ನಾನೇನೂ ಕಂಪ್ಯೂಟರ್ ಪಂಡಿತ ಅಲ್ಲ. ಪ್ರೊಜೆಕ್ಟರ್ ಕೆಟ್ಟಾಗ ನನ್ನನ್ನು ಕರೆಯುತ್ತಾರೆ, ಅಷ್ಟೇ ಅರ್ಹತೆ. ದುಡ್ಡು ಅಂತ ಏನೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಅತಿಥಿ ಉಪನ್ಯಾಸಕರು. ಪಾಠವೆಲ್ಲ ಕನ್ನಡದಲ್ಲಿ. ಮಕ್ಕಳ ಹತ್ತಿರ ಫೋನ್ ಇದೆ, ಲ್ಯಾಪ್‌ಟಾಪ್ ಇಲ್ಲ.

ಕೇಳಬೇಕಾದ್ದು ಎರಡು. ಯಾವ ಕೋರ್ಸು, ಯಾವ ತರಬೇತಿ ನಮ್ಮವರ ಸಮಯಕ್ಕೆ ಬೆಲೆ ಕೊಡುತ್ತದೆ? ಆಮೇಲೆ, ಕಾಲೇಜಿನ ಒಳಗೆ ನೆರವು ಹೇಗೆ ಕೊಟ್ಟರೆ ಜನ ಬಂದು ಕೇಳುತ್ತಾರೆ? ದಯವಿಟ್ಟು ಮಾಡಿ ನೋಡಿದ್ದನ್ನು ಹೇಳಿ, ಪುಸ್ತಕದ ಮಾತು ಬೇಡ.

ಅರ್ಥಶಾಸ್ತ್ರ ಅಧ್ಯಾಪಕ, ಧಾರವಾಡ ಕಡೆ

ಸರ್, ಮೊದಲು ಪ್ರಮೋಷನ್ ಮಾತು ಮುಗಿಸಿಬಿಡಿ. ಅದು ತಲೆಯಲ್ಲಿ ಕೂತಿರುವವರೆಗೆ ಯಾರೂ ಕಲಿಯುವುದಕ್ಕೆ ಬರುವುದಿಲ್ಲ, ಸರ್ಟಿಫಿಕೇಟಿಗೆ ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ, ಸಂಬಳದ ಪ್ರಶ್ನೆ ಅದು.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿ ಪ್ರಕಾರ ಸಂಬಳದ ಲೆವೆಲ್ 10ರಿಂದ 11ಕ್ಕೆ, ಅಂದರೆ ಮೊದಲ ಬಡ್ತಿಗೆ, ಹೋಗುವವರಿಗೆ 21 ದಿನದ ಓರಿಯಂಟೇಶನ್, ಅಂದರೆ ಬೋಧನೆಯ ತರಬೇತಿ, ಬೇಕೇ ಬೇಕು. ಅದರ ಜೊತೆ ಇನ್ನೊಂದು: ತಮ್ಮ ವಿಷಯದ ರಿಫ್ರೆಶರ್ ಕೋರ್ಸ್ ಆಗಬಹುದು, ಒಂದು ವಾರದ ಎಫ್‌ಡಿಪಿ (ಅಧ್ಯಾಪಕರ ತರಬೇತಿ ಕಾರ್ಯಕ್ರಮ) ಆಗಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆದ ಒಂದು ಮೂಕ್ (ಎಲ್ಲರಿಗೂ ತೆರೆದ ಆನ್‌ಲೈನ್) ಕೋರ್ಸ್ ಕೂಡ ಆಗಬಹುದು. ಬಹಳ ಜನಕ್ಕೆ ಈ ಕೊನೆಯದು ಗೊತ್ತೇ ಇಲ್ಲ. ತಾವೇ ನಾಲ್ಕು ಭಾಗದ ಇ-ಪಾಠ ತಯಾರಿಸಿದರೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಭಾಗ ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ತಾಣ "ಸ್ವಯಂ"ನ ಕೋರ್ಸುಗಳಲ್ಲಿ ಇರುತ್ತದಲ್ಲ, ವಿಡಿಯೊ, ಓದುವ ಪಾಠ, ಚರ್ಚೆ, ಸ್ವಪರೀಕ್ಷೆ.

ಓರಿಯಂಟೇಶನ್ ನಡೆಸುವ ಕೇಂದ್ರಕ್ಕೆ ಈಗ ಮಾಳವೀಯ ಮಿಷನ್ ಅಂತ ಹೆಸರು, 2023ರಿಂದ. ಅದಕ್ಕೂ ಮುಂಚೆ ಎಚ್‌ಆರ್‌ಡಿಸಿ (ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ). ಹಳಬರು ಇನ್ನೂ ಅಕಾಡೆಮಿಕ್ ಸ್ಟಾಫ್ ಕಾಲೇಜು ಅಂತಲೇ ಕರೆಯುತ್ತಾರೆ. ಕೇಂದ್ರ ನಮ್ಮ ಜಿಲ್ಲೆಯಲ್ಲಿ ಇಲ್ಲವಲ್ಲ ಅಂತ ಕೂರಬೇಡಿ. ಈಗ ತುಂಬಾ ಕಾರ್ಯಕ್ರಮ ಆನ್‌ಲೈನ್‌ನಲ್ಲೇ ಇವೆ, ದೇಶದ ಯಾವ ಕೇಂದ್ರಕ್ಕಾದರೂ ಅರ್ಜಿ ಹಾಕಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಕ್ಯಾಮೆರಾ ಆಫ್ ಮಾಡಿ ಕೂರುವ ಒಂದು ವಾರದ ಎಫ್‌ಡಿಪಿಗಿಂತ ಸ್ವಯಂ ಕೋರ್ಸ್ ಒಳ್ಳೆಯದು. ಕಲಿಯುವುದಕ್ಕೆ ಪುಕ್ಕಟೆ, ಪರೀಕ್ಷೆಗೆ ಮಾತ್ರ ಶುಲ್ಕ. ಸ್ವಯಂನಲ್ಲಿ ಐಐಟಿಗಳು ನಡೆಸುವ ಎನ್‌ಪಿಟೆಲ್‌ನದ್ದಾದರೆ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಇಂಟರ್ನಲ್ಸ್ ವಾರದಲ್ಲಿ ಒಂದೆರಡು ಬಿಟ್ಟುಹೋದರೂ ಗಾಬರಿ ಬೇಡ. ಇನ್ನೊಂದು ಲಾಭ ಏನೆಂದರೆ, ಮಕ್ಕಳಿಗೆ ಆನ್‌ಲೈನ್ ಕೋರ್ಸ್ ಮಾಡುವುದು ಎಷ್ಟು ಕಷ್ಟ ಅಂತ ಮೇಷ್ಟ್ರಿಗೆ ಮೈಗೆ ತಾಗುತ್ತದೆ.

ವಾಣಿಜ್ಯ ವಿಭಾಗ, ಕರಾವಳಿಯ ಒಂದು ಖಾಸಗಿ ಕಾಲೇಜು

ಧಾರವಾಡದ ಸರ್ ಹೇಳಿದ್ದು ಸರಿಯೇ. ಆದರೆ ಪ್ರಶ್ನೆಯ ಎರಡನೆಯ ಭಾಗ ಇದೆಯಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ.

ನಮ್ಮಲ್ಲಿ ಮೊದಲು ದೊಡ್ಡ ವರ್ಕ್‌ಶಾಪ್‌ಗಳನ್ನು ಮಾಡುತ್ತಿದ್ದರು. ಸೆಮಿನಾರ್ ಹಾಲ್, ಬ್ಯಾನರ್, ಅತಿಥಿಗೆ ಶಾಲು, ಊಟ. ಬೆಳಿಗ್ಗೆಯಿಂದ ಸಂಜೆಯವರೆಗೆ ಹದಿನೈದು ಆ್ಯಪ್ ತೋರಿಸುತ್ತಿದ್ದರು. ಮಾರನೆಯ ದಿನ ಒಂದೂ ನೆನಪಿಲ್ಲ. ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ಸಮಿತಿ) ಫೈಲಿಗೆ ಫೋಟೊ ಸಿಕ್ಕಿತು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಆಯಿತು.

ಈಗ ಮಾಡುವುದು ಬೇರೆ. ವಾರದಲ್ಲಿ ಒಂದು ದಿನ ಮಧ್ಯಾಹ್ನದ ಬಿಡುವಿನ ನಂತರ ಸ್ಟಾಫ್‌ರೂಮಿನ ಮೂಲೆಯ ಮೇಜಿನಲ್ಲಿ ನಾನು ಅಥವಾ ಬಿಸಿಎ ವಿಭಾಗದ ಒಬ್ಬರು ಕೂರುತ್ತೇವೆ. ಟೈಮ್‌ಟೇಬಲ್‌ನಲ್ಲೇ ಆ ಗಂಟೆ ಖಾಲಿ ಬಿಡಿಸಿಕೊಂಡಿದ್ದೇವೆ. ಇದು ಬಹಳ ಮುಖ್ಯ ಸರ್, ನೀವೂ ಪ್ರಿನ್ಸಿಪಾಲರ ಹತ್ತಿರ ಮೊದಲು ಇದನ್ನೇ ಕೇಳಿ. ಬಂದವರು ತಮ್ಮ ಮುಂದಿನ ವಾರದ ಪಾಠವನ್ನೇ ತರಬೇಕು. ಮಾದರಿ ಪಾಠ, ಡೆಮೊ ಯಾವುದೂ ಇಲ್ಲ. "ನಾಡಿದ್ದು ಜಿಎಸ್‌ಟಿ ಟೆಸ್ಟ್ ಇದೆ, ಗೂಗಲ್ ಫಾರ್ಮ್‌ನಲ್ಲಿ ಆಗುತ್ತದಾ?" ಅಂತ ಬರುತ್ತಾರೆ. ಅಲ್ಲೇ ಕೂತು ಮಾಡಿ ಮುಗಿಸುತ್ತಾರೆ. ಕೀಬೋರ್ಡ್ ಅವರ ಕೈಯಲ್ಲೇ ಇರಬೇಕು. ನಾವು ಮಾಡಿಕೊಟ್ಟರೆ ಮುಂದಿನ ಸಲವೂ ನಾವೇ ಮಾಡಬೇಕಾಗುತ್ತದೆ!

ಜನ ಕೇಳುವುದು ಏನು ಗೊತ್ತಾ? ಹೊಸ ಬೋಧನಾ ವಿಧಾನ ಅಲ್ಲ. ಅಂಕದ ಪಟ್ಟಿ ಎಕ್ಸೆಲ್‌ನಲ್ಲಿ ಕೂಡಿಸುವುದು, ದೊಡ್ಡ ಪಿಡಿಎಫ್ ಅನ್ನು ಚಿಕ್ಕದು ಮಾಡುವುದು, ಮೀಟ್‌ನಲ್ಲಿ ಧ್ವನಿ ಎರಡೆರಡು ಸಲ ಕೇಳುವುದು. ಇಂಥವು ಬಗೆಹರಿದ ಮೇಲೆ ನಂಬಿಕೆ ಬರುತ್ತದೆ. ಆಮೇಲೆ ತಾನಾಗಿ ಕೇಳುತ್ತಾರೆ, "ಮಕ್ಕಳು ವಿಡಿಯೊ ನೋಡುವುದಿಲ್ಲ, ಏನು ಮಾಡಲಿ ಮೇಡಂ?" ಅಂತ. ಪಾಠದ ಮಾತು ಶುರುವಾಗುವುದು ಅಲ್ಲಿಂದ.

ಹಿರಿಯರ ಬಗ್ಗೆ ಒಂದು ಮಾತು. ಎಲ್ಲರೆದುರು ಕೇಳುವುದಕ್ಕೆ ಅವರಿಗೆ ಸಂಕೋಚ. ಅವರ ಹತ್ತಿರ ನಾವೇ ಹೋಗಬೇಕು, ಒಬ್ಬರೇ ಇದ್ದಾಗ. ಮೂವತ್ತು ವರ್ಷ ಪಾಠ ಮಾಡಿದವರನ್ನು ಬೆಂಚಿನಲ್ಲಿ ಕೂರಿಸಿ ಮೌಸ್ ಹಿಡಿಯುವುದು ಹೇಗೆ ಅಂತ ಹೇಳಿಕೊಟ್ಟರೆ ಯಾರು ಬರುತ್ತಾರೆ ಹೇಳಿ?

ಅತಿಥಿ ಉಪನ್ಯಾಸಕಿ, ರಾಜ್ಯಶಾಸ್ತ್ರ

ಮೇಡಂ ಹೇಳಿದ ಮೇಜು ಚೆನ್ನಾಗಿದೆ. ಆದರೆ ನಾವು ಆ ಹೊತ್ತಿಗೆ ಕಾಲೇಜಿನಲ್ಲಿ ಇರುವುದೇ ಇಲ್ಲ. ನಮ್ಮ ತರಗತಿ ಮುಗಿದ ಕೂಡಲೇ ಬಸ್ಸು. ಕೆಲವರು ಬೇರೆ ಕಡೆಯೂ ಪಾಠ ಮಾಡುತ್ತಾರೆ.

ಸಿಎಎಸ್, ಅಂದರೆ ಧಾರವಾಡದ ಸರ್ ಹೇಳಿದ ಪ್ರಮೋಷನ್ ಯೋಜನೆ, ನಮಗೆ ಅನ್ವಯಿಸುವುದಿಲ್ಲ. 21 ದಿನದ ಓರಿಯಂಟೇಶನ್ ಸೇರಿದರೆ ಆ ದಿನಗಳ ತರಗತಿ ಯಾರು ತೆಗೆದುಕೊಳ್ಳುತ್ತಾರೆ? ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೋ ಇಲ್ಲವೋ ಅದೂ ಗೊತ್ತಿಲ್ಲ. ಹಾಗಾಗಿ ಸರ್, ನಮ್ಮಂಥವರಿಗೆ ಎರಡು ಅನುಕೂಲ ಮಾಡಿಕೊಡಿ.

ಒಂದು, ನೆರವು ವಾಟ್ಸ್ಆ್ಯಪ್‌ನಲ್ಲಿ ಸಿಗಲಿ. ಎರಡು ನಿಮಿಷದ ಸ್ಕ್ರೀನ್ ರೆಕಾರ್ಡಿಂಗ್, ಕನ್ನಡದಲ್ಲಿ, ನಮ್ಮ ಕಾಲೇಜಿನ ಪುಟವನ್ನೇ ತೋರಿಸುವಂಥದ್ದು. ಯೂಟ್ಯೂಬಿನಲ್ಲಿ ಸಾವಿರ ಇವೆ, ಆದರೆ ಅವರ ಪರದೆಯಲ್ಲಿರುವ ಬಟನ್ ನಮ್ಮ ಪರದೆಯಲ್ಲಿ ಇರುವುದಿಲ್ಲ.

ಇನ್ನೊಂದು, ನಾವು ಮಾಡಿದ ಪಾಠ ನಮ್ಮ ಹತ್ತಿರವೂ ಉಳಿಯಲಿ. ಹಿಂದೊಂದು ಕಾಲೇಜಿನಲ್ಲಿ ಎಲ್ಲವನ್ನೂ ಕಾಲೇಜು ಮೇಲ್ ಐಡಿಯಲ್ಲೇ ಮಾಡಿ ಅಂದರು. ಸ್ಲೈಡು, ಪ್ರಶ್ನೆಪತ್ರಿಕೆ, ರೆಕಾರ್ಡಿಂಗ್ ಎಲ್ಲ ಅದರಲ್ಲೇ. ಅವಧಿ ಮುಗಿದ ಮೇಲೆ ಐಡಿ ಬಂದ್ ಆಯಿತು. ಕೇಳಿದರೆ ಯಾರಿಗೂ ಗೊತ್ತಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ಪ್ರತಿಯೊಬ್ಬರಿಗೂ "ನಿಮ್ಮ ಫೈಲು ಇಳಿಸಿಕೊಳ್ಳಿ" ಅಂತ ಒಂದು ಮೆಸೇಜ್ ಹಾಕಿದರೂ ಸಾಕು. ಗೂಗಲ್ ಖಾತೆಯಾದರೆ ಟೇಕೌಟ್ ಅನ್ನುವ ಸೌಲಭ್ಯ ಇದೆ, ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಬಹುದು. ಆದರೆ ಐಡಿ ಚಾಲೂ ಇದ್ದಾಗಲೇ ಮಾಡಬೇಕು.

ಎಲೆಕ್ಟ್ರಾನಿಕ್ಸ್, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು

ನಮ್ಮ ಕಡೆ ಸೌಲಭ್ಯ ಜಾಸ್ತಿ. ಎಐಸಿಟಿಇಯ (ತಾಂತ್ರಿಕ ಶಿಕ್ಷಣ ಪರಿಷತ್ತು) ಅಟಲ್ ಅಕಾಡೆಮಿ ತರಬೇತಿಗಳಿವೆ, ಹೊಸ ಅಧ್ಯಾಪಕರಿಗೆ ಎಂಟು ಮಾಡ್ಯೂಲ್‌ನ ಎನ್‌ಐಟಿಟಿಟಿ ಅನ್ನುವ ತರಬೇತಿ ಇದೆ. ಡಿಗ್ರಿ ಕಾಲೇಜಿನ ಇತಿಹಾಸಕ್ಕೆ ಇವು ಅಷ್ಟಾಗಿ ಹೊಂದುವುದಿಲ್ಲ, ಅದನ್ನು ಬಿಡಿ.

ನನಗೆ ನಿಜಕ್ಕೂ ದಾರಿ ತೋರಿಸಿದ್ದು ಐಐಟಿ ಬಾಂಬೆಯವರ ವಿಧಾನ. ಅಲ್ಲಿನ ಸಹನಾ ಮೂರ್ತಿ, ಶ್ರೀಧರ್ ಅಯ್ಯರ್ ಮತ್ತು ಸಂಗಡಿಗರು ಕಲಿಯುವವರನ್ನೇ ನಡುವೆ ಇಟ್ಟುಕೊಂಡ ಮೂಕ್ ಮಾದರಿಯೊಂದನ್ನು ರೂಪಿಸಿದ್ದಾರೆ, ಎಲ್‌ಸಿಎಂ ಅಂತ. ಅದರಲ್ಲಿ ನಾನು ಹಿಡಿದುಕೊಂಡದ್ದು ಒಂದೇ. ವಿಡಿಯೊ ಚಿಕ್ಕದಿರಬೇಕು, ಮಧ್ಯದಲ್ಲಿ ನಿಲ್ಲಿಸಬೇಕು. "ಇಲ್ಲಿ ವಿಡಿಯೊ ನಿಲ್ಲಿಸಿ, ಉತ್ತರ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಮುಂದೆ ನೋಡಿ" ಅನ್ನಬೇಕು. ಅದು ಮುಗಿದ ತಕ್ಷಣ ಕೈಯಾರೆ ಮಾಡುವ ಒಂದು ಅಭ್ಯಾಸ, ತಪ್ಪಾದರೆ ಯಾಕೆ ತಪ್ಪು ಅನ್ನುವ ಉತ್ತರದ ಸಮೇತ. ನಲವತ್ತು ನಿಮಿಷದ ತರಗತಿಯನ್ನು ಹಾಗೇ ರೆಕಾರ್ಡ್ ಮಾಡಿ ಏರಿಸುವುದಕ್ಕೂ ಇದಕ್ಕೂ ಅಜಗಜಾಂತರ.

ಇತಿಹಾಸಕ್ಕೂ ಇದು ಚೆನ್ನಾಗಿ ಒಗ್ಗುತ್ತದೆ ಸರ್. ಹಲ್ಮಿಡಿ ಶಾಸನದ ಚಿತ್ರ ತೋರಿಸಿ, ನಿಲ್ಲಿಸಿ, "ಇದರಿಂದ ಆ ಕಾಲದ ಬಗ್ಗೆ ಏನೇನು ಹೇಳಬಹುದು, ಏನು ಹೇಳಲಾಗದು?" ಅಂತ ಕೇಳಿ.

ಸ್ಟುಡಿಯೊ ಕಟ್ಟಿಸುತ್ತೇವೆ ಅಂತ ಯಾರಾದರೂ ಬಂದರೆ ದುಡ್ಡನ್ನು ಮೈಕಿಗೆ ಹಾಕಿ ಅನ್ನಿ. ಚಿತ್ರ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ಧ್ವನಿ ಕೆಟ್ಟರೆ ಸಹಿಸುವುದಿಲ್ಲ. ಕಾಲರಿಗೆ ಸಿಕ್ಕಿಸುವ ತಂತಿ ಮೈಕು, ಫ್ಯಾನ್ ಆಫ್ ಮಾಡಿದ ಕೋಣೆ, ರೆಕಾರ್ಡ್ ಮಾಡುವುದಕ್ಕೆ ಪುಕ್ಕಟೆ ಸಿಗುವ ಓಬಿಎಸ್ ತಂತ್ರಾಂಶ. ಇಷ್ಟೇ ಸಾಕು.

ಕನ್ನಡ ಅಧ್ಯಾಪಕ, ಮೈಸೂರು ಕಡೆ

ಕನ್ನಡದಲ್ಲಿ ಪಾಠ ಅಂದಿರಿ, ಹಾಗಾದರೆ ಮೊದಲ ತರಬೇತಿ ಯುನಿಕೋಡ್ (ಯಾವ ಫೋನಿನಲ್ಲೂ ಕನ್ನಡ ಸರಿಯಾಗಿ ಕಾಣುವ ಅಕ್ಷರ ಪದ್ಧತಿ) ಬಗ್ಗೆಯೇ ಇರಲಿ. ತಮಾಷೆ ಅಲ್ಲ. ನಮ್ಮವರ ಹತ್ತಿರ ವರ್ಷಗಟ್ಟಲೆಯ ನೋಟ್ಸು, ಪ್ರಶ್ನೆಪತ್ರಿಕೆಗಳು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿವೆ. ಅದನ್ನು ಗೂಗಲ್ ಫಾರ್ಮ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. "ಈ ಆನ್‌ಲೈನ್ ಕನ್ನಡಕ್ಕೆ ಆಗುವುದಿಲ್ಲ" ಅಂತ ಕೈಬಿಡುತ್ತಾರೆ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ ನೋಡಬೇಕು. ಟೈಪಿಂಗ್ ಬಾರದವರಿಗೆ ಫೋನಿನಲ್ಲಿ ಬಾಯಿಂದ ಹೇಳಿ ಬರೆಸುವುದನ್ನು ಕಲಿಸಿ. ಮುಖ ಅರಳುತ್ತದೆ!

ಕಾಲೇಜಿನಲ್ಲಿ ಮೂಡಲ್ (ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ತಂತ್ರಾಂಶ) ಇದ್ದರೆ ಇನ್ನೊಂದು ಉಪಾಯ. ಬಹುಆಯ್ಕೆ ಪ್ರಶ್ನೆಗಳನ್ನು ಒಂದೊಂದೇ ತುಂಬಬೇಡಿ. ಏಕನ್ (Aiken) ಅನ್ನುವ ಸರಳ ನಮೂನೆ ಇದೆ. ಒಂದು ಸಾಲಿನಲ್ಲಿ ಪ್ರಶ್ನೆ, ಕೆಳಗೆ ಆಯ್ಕೆಗಳು, ಕೊನೆಯ ಸಾಲಿನಲ್ಲಿ ಉತ್ತರ. ನೋಟ್‌ಪ್ಯಾಡಿನಲ್ಲಿ ಬರೆದು ಯುಟಿಎಫ್-8 ಆಗಿ ಸೇವ್ ಮಾಡಿ ಒಟ್ಟಿಗೆ ಏರಿಸಬಹುದು. ಪ್ರಶ್ನೆ ಕನ್ನಡದಲ್ಲೇ ಇರಲಿ, ಆದರೆ ಆಯ್ಕೆಯ ಗುರುತಿನ ಅಕ್ಷರ (A, B) ಮತ್ತು ಉತ್ತರ ಅನ್ನುವ ಪದ (ANSWER) ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಬೇಕು. ಇಲ್ಲದಿದ್ದರೆ ಮೂಡಲ್ ಒಪ್ಪುವುದಿಲ್ಲ.

ತಂತ್ರಾಂಶ ಕಲಿಯುವುದಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಲಿಬ್ರೆ ಆಫೀಸ್ ಪಾಠಗಳು ಕನ್ನಡ ಧ್ವನಿಯಲ್ಲಿವೆ. ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್. ಹಂಪಿ, ಬಾದಾಮಿ, ಬೇಲೂರು ಏನು ಬೇಕೋ ಸಿಗುತ್ತದೆ, ತೆಗೆದವರ ಹೆಸರು ಹಾಕಿ ಬಳಸಬಹುದು.

ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಇರುವ ಕನ್ನಡಿಗ

ನಾನು ಇಲ್ಲಿ ಇದೇ ಕೆಲಸ ಮಾಡುತ್ತೇನೆ, ಅಧ್ಯಾಪಕರ ಆನ್‌ಲೈನ್ ಕೋರ್ಸುಗಳಿಗೆ ನೆರವು. ಇಲ್ಲಿ ಅದಕ್ಕಾಗಿಯೇ ಸಂಬಳದ ಹುದ್ದೆಗಳಿವೆ, ನಿಮಗೆ ಆ ಭಾಗ್ಯ ಇಲ್ಲ. ಆದರೂ ಒಂದು ಸಂಗತಿ ಅಲ್ಲಿಗೂ ಹೊಂದುತ್ತದೆ.

ಕ್ವಾಲಿಟಿ ಮ್ಯಾಟರ್ಸ್ ಅಂತ ಒಂದು ಪದ್ಧತಿ ಇದೆ. 2003ರಲ್ಲಿ ಮೇರಿಲ್ಯಾಂಡ್‌ನ ಕಾಲೇಜುಗಳ ಒಕ್ಕೂಟದಲ್ಲಿ ಶುರುವಾದದ್ದು. ಒಂದು ಆನ್‌ಲೈನ್ ಕೋರ್ಸನ್ನು ಮೂವರು ಅಧ್ಯಾಪಕರು ಒಂದು ಪಟ್ಟಿ ಹಿಡಿದು ನೋಡುತ್ತಾರೆ. ಅವರು ತೂಗುವುದು ಮೇಷ್ಟ್ರನ್ನಲ್ಲ, ಕೋರ್ಸಿನ ಕಟ್ಟಡವನ್ನು. ಎಲ್ಲಿಂದ ಶುರು ಮಾಡಬೇಕು ಅಂತ ಹೊಸ ವಿದ್ಯಾರ್ಥಿಗೆ ತಿಳಿಯುತ್ತದೆಯೇ? ಪರೀಕ್ಷೆ, ಪಾಠ, ಗುರಿ ಮೂರೂ ಒಂದಕ್ಕೊಂದು ಹೊಂದಿವೆಯೇ? ಪೂರ್ತಿ ಪದ್ಧತಿಗೆ ದುಡ್ಡು ಬೇಕು. ಆದರೆ ಇಬ್ಬರು ಸಹೋದ್ಯೋಗಿಗಳು ಒಬ್ಬರ ಕೋರ್ಸಿಗೆ ಇನ್ನೊಬ್ಬರು ವಿದ್ಯಾರ್ಥಿಯಾಗಿ, ಫೋನಿನಲ್ಲೇ ಸೇರಿಕೊಂಡು ನೋಡುವುದಕ್ಕೆ ಏನೂ ಖರ್ಚಿಲ್ಲ. ಬೇರೆ ಬೇರೆ ವಿಷಯದವರನ್ನು ಜೋಡಿ ಮಾಡಿ. ಇತಿಹಾಸದವರು ಗಣಿತದ ಕೋರ್ಸ್ ನೋಡಲಿ. ವಿಷಯ ಗೊತ್ತಿಲ್ಲದವರಿಗೇ ದಾರಿ ಎಲ್ಲಿ ತಪ್ಪುತ್ತದೆ ಅಂತ ಬೇಗ ಕಾಣುತ್ತದೆ. ಫಲಿತಾಂಶ ಪ್ರಿನ್ಸಿಪಾಲರಿಗೆ ಹೋಗಬಾರದು. ಹೋದರೆ ಯಾರೂ ನಿಜ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ವಾರದ ಮೇಜು ಮತ್ತು ವಾಟ್ಸ್ಆ್ಯಪ್ ರೆಕಾರ್ಡಿಂಗ್ ಮುಂದಿನ ವಾರವೇ ಶುರು ಮಾಡುತ್ತೇನೆ. ಮೊದಲ ರೆಕಾರ್ಡಿಂಗ್ ನುಡಿ ಪರಿವರ್ತನೆಯದೇ. ಅತಿಥಿ ಉಪನ್ಯಾಸಕರ ಫೈಲುಗಳ ಮಾತನ್ನು ಸ್ಟಾಫ್ ಮೀಟಿಂಗಿನಲ್ಲಿ ಎತ್ತುತ್ತೇನೆ. ಜೋಡಿ ಮಾಡುವುದು ಮಾತ್ರ ಸ್ವಲ್ಪ ಭಯ, ನಮ್ಮಲ್ಲಿ ಗುಂಪುಗಾರಿಕೆ ಇದೆ.

ಒಂದು ಸಣ್ಣ ಅನುಮಾನ ಉಳಿದಿದೆ. ಆನ್‌ಲೈನ್ ಓರಿಯಂಟೇಶನ್‌ಗೆ ಓಓಡಿ (ಕರ್ತವ್ಯದ ಮೇಲೆ ಹೊರಗಿರುವ ಅನುಮತಿ) ಕೊಡುವುದಿಲ್ಲ, ಕಾಲೇಜಿನಲ್ಲಿ ಕೂತೇ ಮಾಡಿ ಅನ್ನುತ್ತಾರೆ. ನಿಮ್ಮಲ್ಲಿ ಹೇಗೆ?

ಅರ್ಥಶಾಸ್ತ್ರ ಅಧ್ಯಾಪಕ, ಧಾರವಾಡ ಕಡೆ

ಈ ತಕರಾರು ನಮ್ಮಲ್ಲೂ ಇತ್ತು ಸರ್. ಅರ್ಜಿ ಹಾಕುವಾಗಲೇ ಪ್ರಿನ್ಸಿಪಾಲರ ಒಪ್ಪಿಗೆ ಪತ್ರ ಕೇಳುತ್ತಾರಲ್ಲ, ಆಗಲೇ ದಿನಾಂಕ, ಸಮಯ, ತರಗತಿ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಕಾರ್ಯಕ್ರಮದ ವೇಳಾಪಟ್ಟಿಯನ್ನೂ ಲಗತ್ತಿಸಿ. ಶುರುವಾದ ಮೇಲೆ ಕೇಳಿದರೆ ಆಗುವುದಿಲ್ಲ. ಕಾಲೇಜಿನಲ್ಲೇ ಕೂರಬೇಕಾಗಿ ಬಂದರೆ ಲೈಬ್ರರಿಯಲ್ಲಿ ಕೂತುಬಿಡಿ. ಸ್ಟಾಫ್‌ರೂಮಿನಲ್ಲಿ ಕೂತರೆ ಇನ್ವಿಜಿಲೇಶನ್ ಡ್ಯೂಟಿ ಹಾಕಿಬಿಡುತ್ತಾರೆ.