ಜಿಮ್‌ಗೆ ಪುಟ್ಟ ಮ್ಯೂಸಿಕ್ ಪ್ಲೇಯರ್ ಯಾವುದು? ಈಗಿರುವುದರಲ್ಲಿ ಹಾಡುಗಾರರ ದನಿಯೇ ಕೇಳಿಸುತ್ತಿಲ್ಲ

ಬೆಳಗಿನ ಓಟ

ನಮಸ್ಕಾರ. ನಮ್ಮ ಜಿಮ್‌ನಲ್ಲಿ ಫೋನ್ ಒಳಗೆ ತರುವ ಹಾಗಿಲ್ಲ, ಲಾಕರ್‌ನಲ್ಲೇ ಇಡಬೇಕು. ನಿಯಮ ನನಗೆ ಇಷ್ಟವೇ. ಆದರೆ ಹಾಡಿಲ್ಲದೆ ಟ್ರೆಡ್‌ಮಿಲ್ ಮೇಲೆ ಕಾಲು ಏಳುವುದಿಲ್ಲ. ಅವರು ಸ್ಪೀಕರ್‌ನಲ್ಲಿ ಹಾಕುವುದು ನನಗೆ ಹಿಡಿಸುವುದಿಲ್ಲ. ಅದಕ್ಕೇ ಕಾಲರ್‌ಗೆ ಸಿಕ್ಕಿಸುವಂಥ ಒಂದು ಅಗ್ಗದ ಪ್ಲೇಯರ್ ತರಿಸಿದೆ. 64 ಜಿಬಿ ಕಾರ್ಡ್ ಹಾಕಿ, ಅಣ್ಣನ ಮ್ಯಾಕ್‌ಬುಕ್‌ನಿಂದ ಹಾಡು ತುಂಬಿದೆ. ಇಯರ್‌ಫೋನ್ ಹಳೆಯ ಫೋನಿನದು, ಮೈಕ್ ಇರುವಂಥದ್ದು.

ತೊಂದರೆ ಒಂದಲ್ಲ. ಹೊಸ ಸಿನಿಮಾ ಹಾಡು ಹಾಕಿದರೆ ತಬಲಾ, ಪಿಟೀಲು ಎಲ್ಲ ಕೇಳಿಸುತ್ತದೆ, ಹಾಡುಗಾರರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಅರವತ್ತು, ಎಪ್ಪತ್ತರ ದಶಕದ ಹಾಡು ಹಾಕಿದರೆ ಹೆಚ್ಚು ಕಡಿಮೆ ಏನೂ ಕೇಳಿಸುವುದಿಲ್ಲ. ಪಟ್ಟಿಯಲ್ಲಿ ಪ್ರತಿ ಹಾಡೂ ಎರಡೆರಡು ಸಲ ಬರುತ್ತದೆ. ಒಂದು ಓಡುತ್ತದೆ, ಇನ್ನೊಂದು ಫೈಲ್ ಎರರ್ ಅನ್ನುತ್ತದೆ. ಕನ್ನಡದ ಹೆಸರುಗಳೆಲ್ಲ ಚೌಕ ಚೌಕ. ವಾರ್ಮ್ ಅಪ್‌ನಿಂದ ಶುರುಮಾಡಿ ನಾನು ಜೋಡಿಸಿದ ಕ್ರಮ ಎಲ್ಲೋ ಹೋಗಿದೆ.

ಇದನ್ನು ಬಿಟ್ಟು ಬೇರೆ ಕೊಳ್ಳೋಣ ಅಂತಿದ್ದೇನೆ. ಐದಾರು ಸಾವಿರದ ಒಳಗೆ. ಬ್ಲೂಟೂತ್ ಬೇಕೇ ಬೇಕಾ? ಎಷ್ಟು ಜಿಬಿ ಸಾಕು? ಬೆವರು ತಡೆಯಬೇಕು ಅನ್ನುವುದಂತೂ ಖಂಡಿತ.

ತಂತಿಯೇ ಸಾಕು

ಕೊಳ್ಳುವುದು ಆಮೇಲೆ. ನೀವು ಹೇಳಿದ ಮೊದಲ ತೊಂದರೆ ಪ್ಲೇಯರ್‌ನದ್ದಲ್ಲ, ಇಯರ್‌ಫೋನ್ ಪಿನ್ನಿನದು. ಹೊಸ ಹಾಡಿನಲ್ಲಿ ದನಿ ಮಾತ್ರ ಮಾಯ, ಹಳೆಯದರಲ್ಲಿ ಎಲ್ಲವೂ ಮಾಯ ಅಂದಿರಲ್ಲ, ಅದರಲ್ಲೇ ಉತ್ತರ ಇದೆ.

ಎಡ, ಬಲ ಎರಡೂ ಕಿವಿಗೆ ಬೇರೆ ಬೇರೆ ತಂತಿ ಇದ್ದರೂ ಕರೆಂಟ್ ವಾಪಸ್ ಹೋಗುವ ತಂತಿ, ಅಂದರೆ ಗ್ರೌಂಡ್, ಒಂದೇ. ಆ ಗ್ರೌಂಡ್ ಸರಿಯಾಗಿ ತಾಗದಿದ್ದರೆ ಕರೆಂಟ್ ಎಡದಿಂದ ಬಲಕ್ಕೆ ನೇರ ಹರಿಯುತ್ತದೆ. ಆಗ ಎರಡೂ ಕಡೆ ಒಂದೇ ಆಗಿರುವ ಶಬ್ದ ಪರಸ್ಪರ ಕಳೆದುಹೋಗಿ, ವ್ಯತ್ಯಾಸ ಇರುವಷ್ಟು ಮಾತ್ರ ಉಳಿಯುತ್ತದೆ. ಸ್ಟೀರಿಯೋ ಹಾಡಿನಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ನಟ್ಟನಡುವೆ ಇಟ್ಟಿರುತ್ತಾರೆ. ಅಂದರೆ ಎರಡೂ ಕಡೆ ಒಂದೇ ಸಮ. ಅದಕ್ಕೇ ದನಿ ಹೋಗಿ ಪಿಟೀಲು ಉಳಿಯಿತು. ನಿಮ್ಮ ಹಳೆಯ ಹಾಡುಗಳು ಮೋನೋ. ಅವುಗಳಲ್ಲಿ ಎಡ ಬಲ ಪೂರ್ತಿ ಒಂದೇ, ಹಾಗಾಗಿ ಉಳಿಯಲು ಏನೂ ಇಲ್ಲ.

ಪರೀಕ್ಷೆ ಸುಲಭ. ಹಾಡು ಓಡುತ್ತಿರುವಾಗ ಮೈಕ್ ಪಕ್ಕದ ಬಟನ್ ಒತ್ತಿ ಹಿಡಿಯಿರಿ. ಒತ್ತಿದಷ್ಟು ಹೊತ್ತು ದನಿ ವಾಪಸ್ ಬಂದರೆ, ಪ್ಲೇಯರ್‌ನ ಗ್ರೌಂಡ್ ಹೋಗಿ ಪಿನ್ನಿನ ಮೈಕ್ ಭಾಗಕ್ಕೆ ತಾಗುತ್ತಿದೆ ಅಂತ ಅರ್ಥ. ಮೈಕ್ ಇರುವ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ನಾಲ್ಕು ಲೋಹದ ಭಾಗ. ಮೈಕ್ ಇಲ್ಲದ್ದರಲ್ಲಿ ಎರಡೇ ಗೆರೆ. ಪ್ಲೇಯರ್‌ಗೆ ಬೇಕಿರುವುದು ಎರಡು ಗೆರೆಯದ್ದು. ಪಿನ್ನನ್ನು ಒಂದು ಮಿಲಿಮೀಟರ್ ಹೊರಗೆ ಎಳೆದಾಗ ಸರಿಹೋದರೂ ಕಾರಣ ಅದೇ.

ಬೆಳಗಿನ ಓಟ

ಬಟನ್ ಒತ್ತಿದ ಕೂಡಲೇ ದನಿ ಬಂತು! ಬಿಟ್ಟರೆ ಹೋಯಿತು. ಅಂಗಡಿಗೆ ಹೋಗಿ ಎರಡು ಗೆರೆಯ ಇಯರ್‌ಫೋನ್ ತಂದೆ, ಹಳೆಯ ಹಾಡುಗಳೆಲ್ಲ ಚೊಕ್ಕವಾಗಿ ಕೇಳಿಸುತ್ತಿವೆ. ತುಂಬಾ ಥ್ಯಾಂಕ್ಸ್. ಉಳಿದದ್ದಕ್ಕೂ ದಾರಿ ಇದೆಯಾ?

ಒತ್ತಕ್ಷರ

ಎರಡೆರಡು ಸಲ ಬರುವುದು ಮ್ಯಾಕ್‌ನಿಂದ. ಮ್ಯಾಕ್‌ನದ್ದಲ್ಲದ ಫಾರ್ಮ್ಯಾಟ್ ಇರುವ ಕಾರ್ಡ್‌ಗೆ ಫೈಲ್ ಹಾಕಿದಾಗ ಅದು ತನ್ನ ಲೆಕ್ಕಕ್ಕೆ ಪಕ್ಕದಲ್ಲೇ ಇನ್ನೊಂದು ಪುಟ್ಟ ಫೈಲ್ ಬರೆಯುತ್ತದೆ. ಅದರ ಹೆಸರು ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುತ್ತದೆ, ಆಮೇಲೆ ಹಾಡಿನದೇ ಹೆಸರು, ಕೊನೆಗೆ ಅದೇ ಎಂಪಿ3. ಮ್ಯಾಕ್‌ನಲ್ಲಿ ಅದು ಕಾಣುವುದಿಲ್ಲ. ಪಾಪ, ಪ್ಲೇಯರ್ ಅದನ್ನೂ ಹಾಡು ಅಂತ ನಂಬಿ ಓಡಿಸಲು ಹೋಗುತ್ತದೆ. ವಿಂಡೋಸ್ ಕಂಪ್ಯೂಟರ್‌ಗೆ ಕಾರ್ಡ್ ಹಾಕಿ, ಹಿಡನ್ ಫೈಲ್ ತೋರಿಸು ಅನ್ನುವುದನ್ನು ಆನ್ ಮಾಡಿ, ಗಾತ್ರದ ಪ್ರಕಾರ ಜೋಡಿಸಿ. ಸುಮಾರು 4 ಕೆಬಿ ಇರುವುದೆಲ್ಲ ಒಂದೇ ಕಡೆ ಸಾಲಾಗಿ ಸಿಗುತ್ತದೆ, ಅಳಿಸಿಬಿಡಿ. ಹಾಡಿಗೆ ಏನೂ ಆಗುವುದಿಲ್ಲ. ಮ್ಯಾಕ್‌ನಲ್ಲೇ ಮಾಡಬೇಕೆಂದರೆ ಟರ್ಮಿನಲ್‌ನಲ್ಲಿ ಡಾಟ್ ಕ್ಲೀನ್ (dot_clean) ಅನ್ನುವ ಕಮಾಂಡ್ ಇದೆ.

ಕ್ರಮ ತಪ್ಪುವುದಕ್ಕೆ ಬೇರೆ ಕಾರಣ. ತುಂಬ ಅಗ್ಗದ ಪ್ಲೇಯರ್‌ಗಳು ಹೆಸರಿನ ಪ್ರಕಾರ ಜೋಡಿಸುವ ಗೋಜಿಗೆ ಹೋಗುವುದಿಲ್ಲ. ಕಾರ್ಡ್‌ನಲ್ಲಿ ಯಾವ ಫೈಲ್ ಮೊದಲು ಬರೆದಿದೆಯೋ ಅದನ್ನೇ ಮೊದಲು ನುಡಿಸುತ್ತವೆ. ಫೈಲ್ ಹೆಸರಿನ ಮುಂದೆ 001, 002 ಅಂತ ಹಾಕಿ. ಬರೀ 1, 2 ಹಾಕಬೇಡಿ, 10 ಬಂದು 2ಕ್ಕಿಂತ ಮುಂಚೆ ಕೂರುತ್ತದೆ. ಆಮೇಲೆ ಕಾರ್ಡ್ ಖಾಲಿ ಮಾಡಿ ಇಡೀ ಫೋಲ್ಡರ್ ಒಂದೇ ಸಲ ಕಾಪಿ ಮಾಡಿ. ಆಗಲೂ ಹಟ ಹಿಡಿದರೆ ಫ್ಯಾಟ್‌ಸಾರ್ಟ್ ಅನ್ನುವ ಉಚಿತ ಸಾಫ್ಟ್‌ವೇರ್ ಕಾರ್ಡ್‌ನೊಳಗಿನ ಪಟ್ಟಿಯನ್ನೇ ಹೆಸರಿನ ಕ್ರಮಕ್ಕೆ ತರುತ್ತದೆ.

ಇನ್ನು ಕನ್ನಡ ಹೆಸರು. ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚೌಕ ಬಂದರೆ ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ. ಆದರೆ ಫಾಂಟ್ ಇದ್ದ ಮಾತ್ರಕ್ಕೆ ಮುಗಿಯುವುದಿಲ್ಲ. ಬಾಲಸುಬ್ರಹ್ಮಣ್ಯಂ ಅನ್ನುವ ಹೆಸರು ನೋಡಿ. ಬ್ರ, ಹ್ಮ, ಣ್ಯ, ಸಾಲಾಗಿ ಮೂರು ಒತ್ತು. ಫೈಲ್‌ನಲ್ಲಿ ಅವು ಬ, ಅರ್ಧಾಕ್ಷರದ ಗುರುತು (್), ರ ಅಂತ ಬಿಡಿ ಬಿಡಿಯಾಗಿಯೇ ಇರುತ್ತವೆ. ತೋರಿಸುವ ಹೊತ್ತಿಗೆ ಅವನ್ನು ಜೋಡಿಸಿ ಒತ್ತನ್ನು ಕೆಳಗೆ ಕೂರಿಸುವುದು ಬೇರೆಯೇ ಒಂದು ಸಾಫ್ಟ್‌ವೇರ್. ಆಂಡ್ರಾಯ್ಡ್‌ನಲ್ಲಿ ಆ ಕೆಲಸಕ್ಕೆ ಹಾರ್ಫ್‌ಬಜ್ ಇದೆ. ಬೆರಳುದ್ದದ ಪ್ಲೇಯರ್‌ನಲ್ಲಿ ಅದನ್ನು ಹಾಕುವ ಶ್ರಮ ಯಾರೂ ತೆಗೆದುಕೊಳ್ಳುವುದಿಲ್ಲ. ಕನ್ನಡ, ತೆಲುಗು, ತಮಿಳು ಹಾಡು ಕೇಳುವವರು ಇಷ್ಟೊಂದು ಜನ ಇದ್ದೂ ಈ ಸ್ಥಿತಿ ಇರುವುದು ನನಗೆ ನಿಜಕ್ಕೂ ಬೇಸರ.

ಸದ್ಯಕ್ಕೆ ದಾರಿ ಒಂದೇ. ಕಾರ್ಡ್‌ಗೆ ಹಾಕುವ ಪ್ರತಿಯಲ್ಲಿ ಮಾತ್ರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಫೈಲ್ ಹೆಸರು ಬದಲಿಸಿದರೆ ಸಾಲದು, ಹಾಡು, ಗಾಯಕರ ಹೆಸರು ಬರೆದಿಟ್ಟ ಒಳಗಿನ ಟ್ಯಾಗ್ ಕೂಡ ಬದಲಾಗಬೇಕು. ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಫೈಲ್ ಹೆಸರಿನಿಂದಲೇ ಎಲ್ಲ ಹಾಡಿಗೂ ಒಟ್ಟಿಗೆ ಟ್ಯಾಗ್ ತುಂಬಬಹುದು. ಮೂಲ ಕನ್ನಡ ಟ್ಯಾಗ್ ಇರುವ ಫೈಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಹಾಗೇ ಉಳಿಸಿಕೊಳ್ಳಿ, ದಯವಿಟ್ಟು.

ಹಳೇ ಟೇಪು

ಇಷ್ಟೆಲ್ಲ ಮಾಡುವ ಮುಂಚೆ ಆ ಕಾರ್ಡ್ ಅಸಲಿಯಾ ನೋಡಿಕೊಳ್ಳಿ. 64 ಜಿಬಿ ಅಂತ ತೋರಿಸಿ ಒಳಗೆ 8 ಇರುವ ಕಾರ್ಡ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅದಕ್ಕೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಸಾಫ್ಟ್‌ವೇರ್ ಇವೆ. ಕಾರ್ಡ್ ತುಂಬಾ ಬರೆದು ವಾಪಸ್ ಓದಿ ನೋಡುತ್ತವೆ.

ತಂತಿಯೇ ಸಾಕು

ಒಳ್ಳೆಯ ಮಾತು. ಜೊತೆಗೆ, 32 ಜಿಬಿಗಿಂತ ದೊಡ್ಡ ಕಾರ್ಡ್ ಅಂಗಡಿಯಿಂದ ಬರುವುದೇ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ. ಸಣ್ಣ ಪ್ಲೇಯರ್‌ಗಳು ಅದನ್ನು ಓದಲು ತಕರಾರು ಮಾಡುತ್ತವೆ. 32 ಜಿಬಿ ಕಾರ್ಡ್ ಅನ್ನು ಫ್ಯಾಟ್32 ಮಾಡಿ ಹಾಕುವುದು ನೆಮ್ಮದಿ. ಅಷ್ಟು ಜಾಗ ಸಾಲುತ್ತದಾ ಅಂದರೆ, ಧಾರಾಳ. 320 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 2.4 ಎಂಬಿ. ಐದು ನಿಮಿಷದ ಹಾಡಿಗೆ 12 ಎಂಬಿ. 8 ಜಿಬಿಯಲ್ಲೇ ಆರುನೂರು ಹಾಡು ಹಿಡಿಸುತ್ತವೆ. ಜಿಮ್‌ಗೆ ಅದೇ ಜಾಸ್ತಿ.

ಈಗ ಕೊಳ್ಳುವ ಮಾತು. ಜಿಮ್ ಪ್ಲೇಯರ್‌ನಲ್ಲಿ ನಾನು ಮೊದಲು ನೋಡುವುದು ಬಟನ್. ಶಬ್ದದ ಗುಣಮಟ್ಟ ಅಲ್ಲ, ಜಿಬಿ ಅಲ್ಲ. ಪುಲ್ ಅಪ್ ಮುಗಿಸಿ ಉಸಿರು ಬಿಡುತ್ತಿರುವಾಗ, ಕಣ್ಣು ಹಾಯಿಸದೆ, ಟೀ ಶರ್ಟ್ ಮೇಲಿಂದ ತಡಕಿ ಹಾಡು ದಾಟಿಸಲು ಆಗಬೇಕು. ಬೆವರಿದ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ. ಶಾನ್‌ಲಿಂಗ್ ಎಂ0 ತುಂಬಾ ಚೆಂದದ, ಬೆಂಕಿಪೊಟ್ಟಣದಷ್ಟು ಪುಟ್ಟ ಪ್ಲೇಯರ್. ಶಬ್ದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಆದರೆ ಅದರ ಹೆಚ್ಚಿನ ಕೆಲಸ 1.54 ಇಂಚಿನ ಟಚ್‌ಸ್ಕ್ರೀನ್ ಮೇಲೆಯೇ. ಬಸ್ಸಿನಲ್ಲಿ ಕೂತು ಕೇಳಲು ತೆಗೆದುಕೊಳ್ಳಿ, ಜಿಮ್‌ಗೆ ಬೇಡ.

ಬಟನ್ ಆದಮೇಲೆ ಕ್ಲಿಪ್. ಸ್ಪ್ರಿಂಗ್ ಗಟ್ಟಿ ಇರಬೇಕು, ಬಗ್ಗಿದರೂ ಜಾರಬಾರದು. ಇದರಲ್ಲಿ ಐಪಾಡ್ ಶಫಲ್ ಅನ್ನು ಮೀರಿಸಿದ್ದು ಬಂದೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. 2010ರ ಮಾದರಿಯ ತೂಕ 12.5 ಗ್ರಾಂ. ಹಿಂಬದಿ ಇಡೀ ಕ್ಲಿಪ್, ಮುಂದೆ ದುಂಡನೆಯ ಬಟನ್. ಆಪಲ್ ಅದನ್ನು 2017ರ ಜುಲೈನಲ್ಲಿ ನಿಲ್ಲಿಸಿತು. ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಅಥವಾ ವರ್ಷಗಟ್ಟಲೆ ಡಬ್ಬಿಯಲ್ಲೇ ಕೂತಿದ್ದದ್ದು. ಎರಡರಲ್ಲೂ ಬ್ಯಾಟರಿ ಸೊರಗಿರುತ್ತದೆ. ಕಾರ್ಡ್ ಜಾಗ ಇಲ್ಲ, 2 ಜಿಬಿ ಅಷ್ಟೇ, ಚಾರ್ಜ್ ಆಗುವುದು ಹೆಡ್‌ಫೋನ್ ತೂತಿನ ಮೂಲಕವೇ. ಆ ಕೇಬಲ್ ಕಳೆದರೆ ಹುಡುಕುವುದು ಕಷ್ಟ. ಆಸೆ ಆದರೂ ಬಿಟ್ಟುಬಿಡಿ.

ನಿಮಗೆ ನಾನು ಹೇಳುವುದು ಸ್ಯಾನ್‌ಡಿಸ್ಕ್‌ನ ಕ್ಲಿಪ್ ಸಾಲಿನದ್ದು. ಕ್ಲಿಪ್ ಜಾಮ್‌ನಲ್ಲಿ 8 ಜಿಬಿ, ಜೊತೆಗೆ ಕಾರ್ಡ್ ಜಾಗ, ಬ್ಲೂಟೂತ್ ಇಲ್ಲ. ಕ್ಲಿಪ್ ಸ್ಪೋರ್ಟ್ ಪ್ಲಸ್‌ನಲ್ಲಿ 16 ಜಿಬಿ, ಬ್ಲೂಟೂತ್, ನೀರು ತಡೆಯುವ ಐಪಿಎಕ್ಸ್5 ರೇಟಿಂಗ್, ಆದರೆ ಕಾರ್ಡ್ ಜಾಗ ಇಲ್ಲ. ಎಲ್ಲದರಲ್ಲೂ ನಿಜವಾದ ಬಟನ್. ನನ್ನ ಆಯ್ಕೆ ಪ್ಲಸ್, ಬೆವರಿನ ಕಾರಣಕ್ಕೆ. ಹಳೆಯ ಸ್ಟಾಕ್ ಮೂಲ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಮಾರುವವರಿದ್ದಾರೆ, ಅಂಥವರಿಂದ ಕೊಳ್ಳಬೇಡಿ.

ಬ್ಲೂಟೂತ್ ಬೇಕೇ ಬೇಕಾ ಅಂದಿರಿ. ಇದ್ದರೆ ಇರಲಿ, ಅದನ್ನೇ ನಂಬಬೇಡಿ. ಅದು ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಜಿಮ್‌ನಲ್ಲಿ ವೈಫೈ, ವಾಚ್, ಪಕ್ಕದವರ ಇಯರ್‌ಬಡ್ ಎಲ್ಲ ಅಲ್ಲೇ ಗುಂಪುಗೂಡಿರುತ್ತವೆ. ಅದರ ಮೇಲೆ ನಮ್ಮ ಮೈಯೊಳಗಿನ ನೀರು ಆ ಅಲೆಗಳನ್ನು ಹೀರುತ್ತದೆ. ಪ್ಲೇಯರ್ ಎಡ ಸೊಂಟದಲ್ಲಿ, ಸಿಗ್ನಲ್ ಹಿಡಿಯುವ ಬಡ್ ಬಲ ಕಿವಿಯಲ್ಲಿ ಇದ್ದರೆ ಹಾಡು ತುಂಡು ತುಂಡಾಗುವುದು ಅದಕ್ಕೇ. ಕಾಲರ್‌ಗೆ ಸಿಕ್ಕಿಸಿ, ತಂತಿಯನ್ನು ಟೀ ಶರ್ಟ್ ಒಳಗಿಂದ ತಂದರೆ ಬಾರ್‌ಗೆ ಸುತ್ತಿಕೊಳ್ಳುವ ಭಯವೂ ಇಲ್ಲ.

ಈಜುಗಾತಿ

ಸೋನಿಯ ಎನ್‌ಡಬ್ಲ್ಯೂ ಡಬ್ಲ್ಯೂಎಸ್413 ಯಾರೂ ಹೇಳಲಿಲ್ಲ. ಪ್ಲೇಯರ್ ಇಯರ್‌ಫೋನ್ ಒಳಗೇ ಇದೆ. ತಂತಿಯ ಜಂಜಾಟವಿಲ್ಲ. ಉಪ್ಪುನೀರಿಗೂ ಜಗ್ಗುವುದಿಲ್ಲ, 4 ಜಿಬಿ, ಒಂದು ಚಾರ್ಜ್‌ಗೆ ಸುಮಾರು 12 ಗಂಟೆ ಹಾಡುತ್ತದೆ, ಮೂರು ನಿಮಿಷ ಚಾರ್ಜ್ ಮಾಡಿದರೆ ಒಂದು ಗಂಟೆ ಓಡುತ್ತದೆ. ಓಟಕ್ಕೂ ಈಜಿಗೂ ನಾನು ಕಣ್ಣುಮುಚ್ಚಿ ಹೇಳುತ್ತೇನೆ. ಒಂದೇ ಮಾತು: ಎರಡೂ ಕಿವಿಯನ್ನು ಸೇರಿಸುವ ಪಟ್ಟಿ ಕತ್ತಿನ ಹಿಂದೆ ಬರುತ್ತದೆ. ಬೆಂಚ್ ಪ್ರೆಸ್‌ಗೆ ಮಲಗಿದರೆ ಅದು ಬೆಂಚಿಗೆ ಒತ್ತಿ ಬಡ್ ಕಿವಿಯಿಂದ ಎದ್ದುಬರುತ್ತದೆ. ಭಾರ ಎತ್ತುವುದೇ ಜಾಸ್ತಿ ಅಂದರೆ ಕ್ಲಿಪ್ಪಿನದೇ ವಾಸಿ.

ಬೆಳಗಿನ ಓಟ

ಭಾರ ಎತ್ತುವುದೇ ಜಾಸ್ತಿ, ಹಾಗಾಗಿ ಕ್ಲಿಪ್ಪಿನದೇ. ಈಗಿರುವುದರ ಕ್ಲಿಪ್ ಸಡಿಲ, ಡೆಡ್‌ಲಿಫ್ಟ್‌ಗೆ ಬಗ್ಗಿದರೆ ಬೀಳುತ್ತದೆ. ಸ್ಪೋರ್ಟ್ ಪ್ಲಸ್ ಸರಿಯಾದ ಬೆಲೆಗೆ ಸಿಕ್ಕರೆ ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ಇದೇ. ಚುಕ್ಕೆ ಫೈಲ್ ಅಳಿಸಿದ ಮೇಲೆ ಎರರ್ ನಿಂತಿತು. 001 ಹಾಕಿದ ಮೇಲೆ ಕ್ರಮವೂ ಸರಿಯಾಯಿತು. ಕಾರ್ಡ್ ಅಸಲಿಯೇ, ಪರೀಕ್ಷೆ ಪಾಸಾಯಿತು.

ಇನ್ನೆರಡು ಕೇಳುತ್ತೇನೆ. ಹಾಡಿನ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದನ್ನು ಕಾರ್ಡ್‌ಗೆ ಹಾಕಬಹುದಾ? ಮತ್ತೆ, ಹಳೆಯ ಹಾಡು ಸಣ್ಣಗೆ ಕೇಳಿಸುತ್ತದೆ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಹೊಸ ಹಾಡು ಕಿವಿಗೆ ಬಡಿಯುತ್ತದೆ.

ಒತ್ತಕ್ಷರ

ಆ್ಯಪ್‌ನ ಡೌನ್‌ಲೋಡ್ ಆಗುವುದಿಲ್ಲ, ಅದಕ್ಕೆ ಬೀಗ ಇರುತ್ತದೆ. ಕೊಂಡ ಫೈಲ್ ಬೇಕು, ಅಥವಾ ನಿಮ್ಮದೇ ಸಿಡಿಯಿಂದ ತೆಗೆದದ್ದು. ಐಟ್ಯೂನ್ಸ್‌ನಲ್ಲಿ ಕೊಂಡ ಹಾಡಿಗೆ 2009ರಿಂದ ಬೀಗ ಇಲ್ಲ, ಆದರೆ ಅದು ಎಎಸಿ ಫೈಲ್. ಪ್ಲೇಯರ್ ಅದನ್ನು ಓದುತ್ತದಾ ನೋಡಿ, ಇಲ್ಲದಿದ್ದರೆ ಎಂಪಿ3ಗೆ ಬದಲಿಸಿ.

ಶಬ್ದ ಸಮ ಮಾಡಲು ಎಂಪಿ3ಗೇನ್ ಅನ್ನುವ ಸಾಫ್ಟ್‌ವೇರ್ ಇದೆ. ಅದು ಹಾಡನ್ನು ಮತ್ತೆ ಕಂಪ್ರೆಸ್ ಮಾಡುವುದಿಲ್ಲ. ಫೈಲ್‌ನೊಳಗೆ ಶಬ್ದದ ಮಟ್ಟ ಬರೆದಿಟ್ಟ ಸಂಖ್ಯೆಯನ್ನು ಮಾತ್ರ 1.5 ಡೆಸಿಬೆಲ್ ಮೆಟ್ಟಿಲುಗಳಲ್ಲಿ ಏರಿಸಿ ಇಳಿಸುತ್ತದೆ. ಬೇಡವಾದರೆ ವಾಪಸ್ ಮೊದಲಿನಂತೆ ಮಾಡಬಹುದು. ಮೋನೋ ಕಾಲದ ಹಾಡನ್ನೂ ಈಗಿನದನ್ನೂ ಬೆರೆಸಿ ಕೇಳುವವರಿಗೆ ಇದು ಬೇಕೇ ಬೇಕು.

ತಂತಿಯೇ ಸಾಕು

ವಾಲ್ಯೂಮ್ ಬಗ್ಗೆ ನಾನೂ ಒಂದು ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಪರವಾಗಿಲ್ಲ. 90 ಆದರೆ ನಾಲ್ಕೇ ಗಂಟೆ. ಜಿಮ್ ಸ್ಪೀಕರ್ ಜೊತೆ ಪೈಪೋಟಿಗೆ ಬಿದ್ದು ಏರಿಸಿದರೆ 90 ಸುಲಭವಾಗಿ ದಾಟುತ್ತದೆ. ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ಟಿಪ್ ಹಾಕಿ, ಹೊರಗಿನ ಸದ್ದು ತಗ್ಗಿದರೆ ಏರಿಸುವ ಅಗತ್ಯವೇ ಬರುವುದಿಲ್ಲ. ಟಿಪ್ ಡಬ್ಬಿಯಲ್ಲಿ ಮೂರು ಅಳತೆ ಇರುತ್ತದೆ. ಎರಡೂ ಕಿವಿಗೆ ಒಂದೇ ಅಳತೆ ಆಗಬೇಕೆಂದಿಲ್ಲ, ಬೇರೆ ಬೇರೆ ಹಾಕಿ ನೋಡಿ.

ಬೆಳಗಿನ ಓಟ

ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ ಸರಿಹೋಯಿತು. ಐಪಿಎಕ್ಸ್5 ಇದ್ದರೆ ಬೆವರಿನ ಚಿಂತೆ ಪೂರ್ತಿ ಬಿಡಬಹುದಾ?

ಈಜುಗಾತಿ

ಪೂರ್ತಿ ಅಲ್ಲ. ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಬೆವರಿನಲ್ಲಿ ಉಪ್ಪಿದೆ. ಹೆಡ್‌ಫೋನ್ ತೂತು, ಚಾರ್ಜಿಂಗ್ ಜಾಗ ಇವೆರಡಕ್ಕೇ ಮೊದಲು ತುಕ್ಕು ಹಿಡಿಯುವುದು. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ. ಪಿನ್ನನ್ನೂ ಒರೆಸಿ. ಒದ್ದೆ ಇರುವಾಗ ಚಾರ್ಜ್‌ಗೆ ಹಾಕಲೇಬೇಡಿ, ರಾತ್ರಿ ಹಾಕಿದರೆ ಸಾಕು.